ಮುನ್ನೂರು ರೂಪಾಯಿ ದಂಡ ಕಟ್ಟಿದವನಿಗೆ ಕೆಲಸವಿಲ್ಲ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು,
ಚಿಕ್ಕಮಗಳೂರು ಜಿಲ್ಲೆ.

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ.

ವಿಷಯ: ಸಣ್ಣ ಪ್ರಕರಣ, ಹಳೆಯ ದಂಡ, ವಿಳಾಸದ ಕಾಗದ ಮತ್ತು ಅರ್ಜಿ ಶುಲ್ಕದ ಕಾರಣಕ್ಕೆ ಬಡವರ ಮಕ್ಕಳಿಗೆ ಕೆಲಸ ತಪ್ಪುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಈ ಜಿಲ್ಲೆಯ ಮಲೆನಾಡು ಭಾಗದ ತಾಲ್ಲೂಕು ಕೇಂದ್ರವೊಂದರಲ್ಲಿ, ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಲಸ ಬೇಕಾದವರು ಸರ್ಕಾರಿ ಕಚೇರಿಗೆ ಹೋಗುವ ಮೊದಲು ನನ್ನಲ್ಲಿಗೆ ಬರುತ್ತಾರೆ. ಕೆಲಸ ಕೈತಪ್ಪಿದವರು ಯಾವ ಕಚೇರಿಗೂ ಹೋಗುವುದಿಲ್ಲ, ಮತ್ತೆ ನನ್ನ ಅಂಗಡಿಗೇ ಬರುತ್ತಾರೆ, ಇನ್ನೊಂದು ಅರ್ಜಿ ಹಾಕಲು. ಹಾಗಾಗಿ ಕಡತದಲ್ಲಿ ಕಾಣದ ಕೆಲವು ಸಂಗತಿಗಳು ನನ್ನ ಬೆಂಚಿನ ಮೇಲೆ ಕಾಣಿಸುತ್ತವೆ.

ಉದ್ಯೋಗ ಮೇಳ ನಡೆದಾಗಲೆಲ್ಲ ವೇದಿಕೆಯ ಮೇಲಿಂದ ಒಂದು ಮಾತು ಕೇಳಿಬರುತ್ತದೆ: ಕೆಲಸಗಳಿವೆ, ಕೌಶಲ ಇರುವವರು ಸಿಗುತ್ತಿಲ್ಲ. ತೋಟದ ಮಾಲೀಕರದ್ದೂ ಇದೇ ದೂರು, ಆಳುಗಳಿಲ್ಲದೆ ಅಸ್ಸಾಮಿನಿಂದ ಕರೆತರಬೇಕಾಗಿದೆ ಎಂದು. ಇರಬಹುದು. ಆದರೆ ಕೌಶಲವೂ ಇದ್ದು, ಸಂದರ್ಶನದಲ್ಲಿ ಆಯ್ಕೆಯೂ ಆಗಿ, ಕೊನೆಯ ಮೆಟ್ಟಿಲಲ್ಲಿ ಒಂದು ಹಳೆಯ ದಂಡಕ್ಕೋ ಒಂದು ಸಿಗದ ಕಾಗದಕ್ಕೋ ಸಿಕ್ಕಿಬಿದ್ದು ವಾಪಸು ಬರುವವರ ಬಗ್ಗೆ ಯಾವ ವೇದಿಕೆಯಲ್ಲೂ ಮಾತು ಬರುವುದಿಲ್ಲ. ಅವರ ವಿಷಯ ಬರೆಯಲೆಂದೇ ಕೂತಿದ್ದೇನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ತಂದೆ ತಾಯಿ ಇಬ್ಬರೂ ಕಾಫಿ ತೋಟದ ಕೆಲಸದವರು, ವಾಸ ಲೈನ್ ಮನೆಯಲ್ಲಿ, ಅಂದರೆ ತೋಟದವರು ಕೆಲಸದವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಯಲ್ಲಿ. ಅವನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಪಾಸಾದ. 2018ರ ದೀಪಾವಳಿಯ ರಾತ್ರಿ, ಆಗಷ್ಟೇ ಹದಿನೆಂಟು ತುಂಬಿತ್ತು, ರಸ್ತೆ ಬದಿಯಲ್ಲಿ ಅಂದರ್ ಬಾಹರ್ ಎಂಬ ಇಸ್ಪೀಟು ಜೂಜು ಆಡುತ್ತಿದ್ದವರ ಗುಂಪಿನಲ್ಲಿ ಸಿಕ್ಕಿಬಿದ್ದ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಮಿನಡಿ ಪ್ರಕರಣವಾಯಿತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅಲ್ಲಿಗೆ ಮುಗಿಯಿತು, ಇಲ್ಲವಾದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂದು ಜೊತೆಯಲ್ಲಿದ್ದವರು ಬುದ್ಧಿ ಹೇಳಿದರು. ಅವನು ಒಪ್ಪಿಕೊಂಡ, ಮುನ್ನೂರು ರೂಪಾಯಿ ಕಟ್ಟಿದ, ತೋಟಕ್ಕೆ ಹೋದ, ಮರೆತ.

ಕಳೆದ ವರ್ಷ ದೊಡ್ಡ ಕಾರ್ಖಾನೆಯೊಂದರ ಗುತ್ತಿಗೆದಾರರು ಅವನನ್ನು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಆರಿಸಿಕೊಂಡರು. ಪಿಎಫ್, ಇಎಸ್ಐ ಎಲ್ಲವೂ ಇದ್ದ ಕೆಲಸ. ಸೇರುವ ಮುನ್ನ ತುಂಬಬೇಕಾದ ನಮೂನೆ ಮೊಬೈಲಿಗೆ ಬಂತು. ಅದನ್ನು ತುಂಬಿಸಲು ಅವನು ನನ್ನ ಅಂಗಡಿಗೆ ಬಂದಾಗ, ನಾಲ್ಕನೇ ಪುಟದಲ್ಲಿ ಈ ಪ್ರಶ್ನೆ ಬಂತು: ನಿಮ್ಮ ಮೇಲೆ ಎಂದಾದರೂ ಪೊಲೀಸ್ ಪ್ರಕರಣ ದಾಖಲಾಗಿತ್ತೇ? ಅದರ ಕೆಳಗೆ ಎರಡೇ ಗುಂಡಿ, ಹೌದು ಮತ್ತು ಇಲ್ಲ. ವಿವರ ಬರೆಯಲು ಒಂದು ಸಾಲಿನ ಜಾಗವೂ ಇರಲಿಲ್ಲ. "ಅಣ್ಣಾ, ಯಾವುದನ್ನು ಒತ್ತಲಿ?" ಎಂದು ಕೇಳಿದ. ಇಲ್ಲ ಎಂದು ಒತ್ತಿದರೆ ನಾಳೆ ಮಾಹಿತಿ ಮುಚ್ಚಿಟ್ಟೆ ಎಂದು ಮನೆಗೆ ಕಳಿಸುತ್ತಾರೆ. ಹೌದು ಎಂದು ಒತ್ತಿದರೆ ಫೋನೇ ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಒತ್ತುವುದೇ ಸರಿ ಎಂದೆ. ಒತ್ತಿದ. ಠಾಣೆಯಿಂದ ಹೋದ ವರದಿಯಲ್ಲಿ "ಸದರಿಯವರ ಮೇಲೆ ಪ್ರಕರಣ ದಾಖಲಾಗಿದ್ದು, ದಂಡನೆಗೆ ಒಳಗಾಗಿರುವುದು ಕಂಡುಬಂದಿರುತ್ತದೆ" ಎಂಬ ಒಂದು ಸಾಲು ಇತ್ತು. ಯಾವ ಕಲಮು, ಎಷ್ಟು ದಂಡ, ಯಾವ ವಯಸ್ಸಿನಲ್ಲಿ ಎಂಬ ಯಾವ ವಿವರವೂ ಇರಲಿಲ್ಲ. ಆ ಸಾಲನ್ನು ಓದಿದ ಬೆಂಗಳೂರಿನ ಅಧಿಕಾರಿಗೆ ಇವನು ಕಳ್ಳನೋ ಕೊಲೆಗಾರನೋ ತಿಳಿಯುವುದಾದರೂ ಹೇಗೆ? ಫೋನು ಬರಲಿಲ್ಲ.

ಅವನು ಆಡಿದ್ದು ತಪ್ಪಲ್ಲ ಎಂದು ನಾನು ವಾದಿಸುತ್ತಿಲ್ಲ. ನ್ಯಾಯಾಲಯ ದಂಡ ಹಾಕಿತು, ಅವನು ಕಟ್ಟಿದ. ಅದಾದ ಮೇಲೆ ಯಾವ ನ್ಯಾಯಾಧೀಶರೂ ವಿಧಿಸದ ಇನ್ನೊಂದು ಶಿಕ್ಷೆ ವರ್ಷಗಟ್ಟಲೆ ನಡೆಯುತ್ತಿದೆ ಎಂಬುದು ನನ್ನ ತಕರಾರು.

ಹೊಟ್ಟೆಯುರಿಯುವ ಸಂಗತಿ ಇನ್ನೊಂದಿದೆ. 2021ರ ತಿದ್ದುಪಡಿಗೆ ಮುಂಚೆ ಈ 87ನೇ ಕಲಮಿನದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿರಲಿಲ್ಲ. ಆ ಅನುಮತಿಯನ್ನು ಸರಿಯಾಗಿ ಪಡೆದಿಲ್ಲ ಎಂಬ ಒಂದೇ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಇಂತಹ ಎಷ್ಟೋ ಇಸ್ಪೀಟು ಪ್ರಕರಣಗಳನ್ನು ರದ್ದುಗೊಳಿಸಿದೆ. ಹೈಕೋರ್ಟಿನವರೆಗೆ ಹೋಗುವ ತಾಕತ್ತು ಇದ್ದವರ ಹೆಸರು ಶುದ್ಧವಾಯಿತು. ದುಡ್ಡಿಲ್ಲದೆ ತಪ್ಪೊಪ್ಪಿಕೊಂಡವನು ಅಪರಾಧಿಯಾಗಿಯೇ ಉಳಿದ.

ಕಾನೂನಿನಲ್ಲಿ ದಾರಿ ಇರಲಿಲ್ಲವೇ ಎಂದರೆ, ಇತ್ತು. ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ ಬಂದದ್ದು 1958ರಲ್ಲಿ. ಎರಡು ವರ್ಷ ಮೀರದ ಶಿಕ್ಷೆಯ ಸಣ್ಣ ಅಪರಾಧದಲ್ಲಿ ಮೊದಲ ಬಾರಿ ಸಿಕ್ಕವನಿಗೆ ಎಚ್ಚರಿಕೆ ಹೇಳಿ ಬಿಡುವ ಅಧಿಕಾರವನ್ನು ಅದರ 3ನೇ ಕಲಮು ನ್ಯಾಯಾಲಯಕ್ಕೆ ಕೊಡುತ್ತದೆ. ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದು ಎಂದು 12ನೇ ಕಲಮು ಹೇಳುತ್ತದೆ. ಆ ದಿನ ಒಬ್ಬ ವಕೀಲರು ಎದ್ದು ನಿಂತು ಎರಡು ಮಾತು ಕೇಳಿಕೊಂಡಿದ್ದರೆ ಸಾಕಿತ್ತು. ಪ್ರಕರಣ ನಡೆದದ್ದು ಅವನಿಗೆ ಹದಿನೆಂಟು ತುಂಬುವ ಮೊದಲಾಗಿದ್ದರೆ ಬಾಲನ್ಯಾಯ ಕಾಯ್ದೆ 2015ರ 24ನೇ ಕಲಮಿನ ರಕ್ಷಣೆಯೂ ಸಿಗುತ್ತಿತ್ತು. ಇನ್ನು, ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಕ್ಷುಲ್ಲಕ ಸ್ವರೂಪದ ಹಳೆಯ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ವಿವೇಚನೆ ಬಳಸಿ ಅದನ್ನು ಮನ್ನಿಸಬಹುದು ಎಂದು ಹೇಳಿದೆ. ಆದರೆ ಪ್ರಕರಣ ಕ್ಷುಲ್ಲಕವೋ ಗಂಭೀರವೋ ಎಂಬುದೇ ವರದಿಯಲ್ಲಿ ಇಲ್ಲದಿದ್ದರೆ ವಿವೇಚನೆ ಬಳಸುವುದು ಯಾವುದರ ಮೇಲೆ?

ಸಾರ್ವಜನಿಕ ಸ್ಥಳದಲ್ಲಿ ಕುಡಿದದ್ದಕ್ಕೆ ಹಾಕುವ ಅಬಕಾರಿ ಕಾಯ್ದೆಯ 15ಎ ಪ್ರಕರಣಗಳ ಕಥೆಯೂ ಇದೇ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಕುಡಿದವನಿಗೆ ಬಿಲ್ಲು ಬರುತ್ತದೆ, ಸೇತುವೆ ಕಟ್ಟೆಯ ಮೇಲೆ ಕುಡಿದವನಿಗೆ ಕೇಸು ಬೀಳುತ್ತದೆ. ಇದನ್ನು ಇಲ್ಲಿಗೆ ಬಿಡುತ್ತೇನೆ.

ಈಗ ನೇರವಾಗಿ ತಮ್ಮ ಅಧೀನದ ವಿಷಯಕ್ಕೆ ಬರುತ್ತೇನೆ. ಚುನಾವಣೆ, ಉತ್ಸವ, ಮೆರವಣಿಗೆ ಹತ್ತಿರ ಬಂದಾಗ ಮುಂಜಾಗ್ರತೆಗೆಂದು ಠಾಣೆಯಿಂದ ವರದಿ ಹೋಗಿ ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರ ಮುಂದೆ ಜನ ಮುಚ್ಚಳಿಕೆ ಬರೆದುಕೊಡುತ್ತಾರೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು. ಜನರ ಬಾಯಲ್ಲಿ ಇಂದಿಗೂ ಅದು "ಒನ್ ನಾಟ್ ಸೆವೆನ್". ಬೇಲಿ ವಿಷಯಕ್ಕೆ ಅಣ್ಣತಮ್ಮಂದಿರು ಕೂಗಾಡಿಕೊಂಡರೂ ಇಬ್ಬರ ಮೇಲೂ ಇದನ್ನು ಹಾಕುವುದುಂಟು. ಇದು ಶಿಕ್ಷೆಯಲ್ಲ, ಅಪರಾಧದ ಆರೋಪವೂ ಅಲ್ಲ, ಶಾಂತಿ ಕಾಪಾಡುತ್ತೇನೆ ಎಂಬ ಮಾತು ಅಷ್ಟೇ. ಕಾರಣ ಬರೆದಿಟ್ಟು ಮುಂದುವರಿಸದ ಹೊರತು ಆರು ತಿಂಗಳಲ್ಲಿ ಇದರ ವಿಚಾರಣೆ ತಾನಾಗಿ ಕೊನೆಗೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಕೊನೆಗೊಂಡದ್ದನ್ನು ಕೊನೆಗೊಂಡಿದೆ ಎಂದು ಬರೆದುಕೊಡುವವರು ಯಾರು? ಕೆಲಸಕ್ಕೆ ಪೊಲೀಸ್ ಪರಿಶೀಲನೆ ನಡೆದಾಗ ಠಾಣೆಯ ರಿಜಿಸ್ಟರಿನಿಂದ ಅದು ಪ್ರಕರಣವಾಗಿ ಎದ್ದು ಬರುತ್ತದೆ. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ, ಶಾಲಾ ವಾಹನದ ಚಾಲಕನ ಕೆಲಸಕ್ಕೆ, ಎಟಿಎಂಗೆ ಹಣ ತುಂಬುವ ವಾಹನದ ಕೆಲಸಕ್ಕೆ ಹೋದವರು ಇದೊಂದರಿಂದ ವಾಪಸು ಬಂದದ್ದನ್ನು ನೋಡಿದ್ದೇನೆ. ಇವೆಲ್ಲ ಹೆಚ್ಚು ಓದದವರಿಗೂ ಸಿಗುವ, ತಿಂಗಳ ಸಂಬಳದ ಕೆಲಸಗಳು ಎಂಬುದನ್ನು ತಾವು ಗಮನಿಸಬೇಕು.

ಕೋರ್ಟಿನಲ್ಲಿ ಬಾಕಿ ಇರುವ ಪ್ರಕರಣಗಳದ್ದು ಬೇರೆಯೇ ಗೋಳು. ಬೆಂಗಳೂರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವವನು ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹಿಡಿದು ಊರಿಗೆ ಬರಬೇಕು. ಸಾಹೇಬರು ರಜೆ ಎಂದೋ ಸಾಕ್ಷಿ ಬಂದಿಲ್ಲ ಎಂದೋ ಮತ್ತೊಂದು ದಿನಾಂಕ ಪಡೆದು ಹೋಗಬೇಕು. ಎರಡು ಸಲ ಸುಮ್ಮನಿದ್ದ ಹೋಟೆಲ್ ಮಾಲೀಕರು ಮೂರನೇ ಸಲ ಬೇರೆ ಹುಡುಗನನ್ನು ಹಾಕಿಕೊಳ್ಳುತ್ತಾರೆ. ಬಾರದೆ ಹೋದರೆ ವಾರೆಂಟು. ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ಅವನಿಗೆ ಗೊತ್ತಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕ ತೋರಿಸದೆಯೇ ಉಚಿತ ವಕೀಲರನ್ನು ಪಡೆಯಬಹುದು ಎಂದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮು ಹೇಳುತ್ತದೆ ಎಂಬುದೂ ಗೊತ್ತಿಲ್ಲ. 15100 ಎಂಬ ಉಚಿತ ಸಹಾಯವಾಣಿಯ ಚೀಟಿಯನ್ನು ನಾನೇ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅಂಟಿಸಬೇಕಾದ ಜಾಗಗಳು ಬೇರೆ ಇದ್ದವು.

ಜಾಮೀನಿನ ವಿಷಯಕ್ಕೆ ಬಂದರೆ ಪಹಣಿ ಬೇಕು. ಲೈನ್ ಮನೆಯವರಿಗೆ ಪಹಣಿ ಎಲ್ಲಿಂದ ಬರಬೇಕು? ತೋಟದ ಧಣಿಗಳೇ ಜಾಮೀನು ನಿಲ್ಲಬೇಕು. ದೊಡ್ಡ ಮನಸ್ಸಿನಿಂದ ನಿಲ್ಲುವವರಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಜಾಮೀನು ನಿಂತವರ ತೋಟ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋಗುವ ಮಾತನ್ನು ಆ ಹುಡುಗನಾಗಲಿ ಅವನ ಅಪ್ಪನಾಗಲಿ ಆಡುವಂತಿಲ್ಲ. ಮೊದಲೇ ಮುಂಗಡದ ಲೆಕ್ಕ ಇರುತ್ತದೆ, ಅದರ ಮೇಲೆ ಈ ಋಣ. ಜೀತ ಪದ್ಧತಿ ರದ್ದಾದದ್ದು 1976ರಲ್ಲಿ, ಅದರ ಮೇಲೆ ಕಣ್ಣಿಡುವ ಹೊಣೆಯನ್ನು ಆ ಕಾಯ್ದೆ ಜಿಲ್ಲಾ ದಂಡಾಧಿಕಾರಿಗಳಿಗೇ ವಹಿಸಿದೆ. ಇದನ್ನು ಜೀತ ಎಂದು ಕರೆಯಬೇಕೋ ಬೇಡವೋ ತಾವೇ ವಿಚಾರಿಸಿ ಹೇಳಬೇಕು. 1978ರಲ್ಲಿ ಮೋತಿರಾಂ ಎಂಬ ಗಾರೆ ಕೆಲಸದವರ ಪ್ರಕರಣದಲ್ಲಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಜಾಮೀನು ನಿರಾಕರಿಸಿ ಹತ್ತು ಸಾವಿರ ಕೇಳಿದ ಕೆಳ ನ್ಯಾಯಾಲಯವನ್ನು ಸುಪ್ರೀಂ ಕೋರ್ಟು ತರಾಟೆಗೆ ತೆಗೆದುಕೊಂಡು, ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿತ್ತು. ಅಂದಿನಿಂದ ಒಂದು ತಲೆಮಾರು ಕಳೆದಿದೆ, ಪಹಣಿ ಮಾತ್ರ ಹಾಗೇ ಉಳಿದಿದೆ.

ಹೆಣ್ಣುಮಕ್ಕಳಿಗೆ ಅಡ್ಡ ಬರುವುದು ಹೆಚ್ಚಾಗಿ ವಿಳಾಸ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಹುದ್ದೆಗೆ ಅರ್ಜಿ ಕರೆದಾಗ ಅದೇ ಊರಿನ ನಿವಾಸಿ ಎಂಬ ವಾಸಸ್ಥಳ ದೃಢೀಕರಣ ಪತ್ರ ಕೇಳುತ್ತಾರೆ. ಪಿಯುಸಿ ಪಾಸಾದ ಹೆಣ್ಣುಮಗಳೊಬ್ಬಳು ಹುಟ್ಟಿದ್ದೂ ಬೆಳೆದದ್ದೂ ಅದೇ ತೋಟದಲ್ಲಿ. ಆದರೆ ರೇಷನ್ ಕಾರ್ಡು ಕಡೂರು ಕಡೆ ಅಜ್ಜಿಯ ಊರಿನಲ್ಲಿದೆ, ಏಕೆಂದರೆ ಲೈನ್ ಮನೆಗೆ ಮನೆ ನಂಬರಿಲ್ಲ, ಕರೆಂಟಿನ ಬಿಲ್ಲು ತೋಟದ ಹೆಸರಿನಲ್ಲಿ ಬರುತ್ತದೆ. ಎಸ್ಟೇಟಿನ ರೈಟರ, ಅಂದರೆ ಲೆಕ್ಕ ಬರೆಯುವ ಗುಮಾಸ್ತರ ಬಳಿ ಒಂದು ಪತ್ರ ಕೇಳಿದರೆ, ಕೊಟ್ಟರೆ ನಾಳೆ ಮನೆಯ ಮೇಲೆ ಹಕ್ಕು ಕೇಳುತ್ತೀರಿ ಎನ್ನುತ್ತಾರೆ. ಗ್ರಾಮ ಆಡಳಿತಾಧಿಕಾರಿಗಳ ಬಳಿ ಹೋದರೆ ಎಸ್ಟೇಟಿನ ಪತ್ರ ತಾ ಎನ್ನುತ್ತಾರೆ. ಅರ್ಜಿಯ ಕೊನೆಯ ದಿನಾಂಕ ಈ ಇಬ್ಬರ ನಡುವೆ ಕಳೆದುಹೋಯಿತು. ತೋಟದ ಕಾರ್ಮಿಕರಿಗೆ ಮನೆ ಕೊಡಬೇಕು ಎಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ವಿಧಿಸಿತು, ಮನೆಗಳನ್ನು ಕಟ್ಟಿದರು. ಎರಡು ಮೂರು ತಲೆಮಾರು ಆ ಮನೆಗಳಲ್ಲಿ ಬಾಳಿದ ಮೇಲೂ ಅಲ್ಲಿ ಇದ್ದೇವೆ ಎನ್ನಲು ಒಂದು ಕಾಗದವಿಲ್ಲ.

ಅರ್ಜಿ ಶುಲ್ಕದ ಬಗ್ಗೆಯೂ ಬರೆಯಬೇಕು. ಇಲ್ಲಿ ನನ್ನ ಸ್ವಾರ್ಥವನ್ನು ಮೊದಲೇ ಹೇಳಿಬಿಡುತ್ತೇನೆ: ಅರ್ಜಿ ತುಂಬಿದ್ದಕ್ಕೆ ನಾನೂ ದುಡ್ಡು ತೆಗೆದುಕೊಳ್ಳುತ್ತೇನೆ, ಶುಲ್ಕ ಇಳಿದರೆ ಅರ್ಜಿಗಳು ಹೆಚ್ಚುತ್ತವೆ, ನನಗೆ ಲಾಭ. ಅಷ್ಟನ್ನು ಲೆಕ್ಕದಿಂದ ಕಳೆದೇ ನನ್ನ ಮಾತು ಓದಿ. ಕೆಪಿಎಸ್‌ಸಿ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗಕ್ಕೆ 600 ರೂಪಾಯಿ, 2ಎ, 2ಬಿ, 3ಎ, 3ಬಿಯವರಿಗೆ 300 ರೂಪಾಯಿ ಶುಲ್ಕ. ಪರಿಶಿಷ್ಟರು, ಪ್ರವರ್ಗ 1ರವರು ಮತ್ತು ಅಂಗವಿಕಲರಿಗೆ ವಿನಾಯಿತಿ ಇದೆ, ಅದು ಸರಿಯಾದದ್ದೇ. ಆದರೆ ಬಿಪಿಎಲ್ ಕಾರ್ಡಿನ 2ಎ ಮನೆಯ ಹುಡುಗಿ ವರ್ಷಕ್ಕೆ ನಾಲ್ಕು ಅರ್ಜಿ ಹಾಕಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ? ಐಎಎಸ್ ಆರಿಸುವ ಯುಪಿಎಸ್‌ಸಿ ಪರೀಕ್ಷೆಗೆ ಶುಲ್ಕ 100 ರೂಪಾಯಿ, ಮಹಿಳೆಯರಿಗೆ ಅದೂ ಇಲ್ಲ. ರೈಲ್ವೆ ನೇಮಕಾತಿ ಮಂಡಳಿ 500 ರೂಪಾಯಿ ಪಡೆದು, ಪರೀಕ್ಷೆಗೆ ಹಾಜರಾದವರಿಗೆ 400 ರೂಪಾಯಿ ವಾಪಸು ಕೊಡುತ್ತದೆ. ಮಹಿಳೆಯರು, ಪರಿಶಿಷ್ಟರು, ಆರ್ಥಿಕವಾಗಿ ಹಿಂದುಳಿದವರಿಂದ ಪಡೆಯುವ 250 ರೂಪಾಯಿಯಲ್ಲಿ ಬ್ಯಾಂಕಿನ ಖರ್ಚು ಬಿಟ್ಟು ಉಳಿದದ್ದೆಲ್ಲ ಮರಳುತ್ತದೆ. ರೈಲ್ವೆಗೆ ಆಗುವುದು ರಾಜ್ಯಕ್ಕೆ ಏಕೆ ಆಗುವುದಿಲ್ಲ? ಯುವನಿಧಿ ಎಂದು ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಸರ್ಕಾರವೇ ಇನ್ನೊಂದು ಕೈಯಲ್ಲಿ ಅರ್ಜಿಗೆಂದು ವಸೂಲಿ ಮಾಡುತ್ತಿದೆ.

ಶುಲ್ಕದ ಜೊತೆ ಪ್ರಯಾಣದ ಖರ್ಚೂ ಸೇರುತ್ತದೆ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಅಕ್ರಮದಿಂದ ರದ್ದಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಯಾರದ್ದೋ, ಎರಡನೇ ಸಲದ ಬಸ್ಸಿನ ದುಡ್ಡು ಮಾತ್ರ ಅಭ್ಯರ್ಥಿಯದ್ದು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಅಷ್ಟರ ಮಟ್ಟಿಗೆ ಉಸಿರಾಡುವಂತಾಗಿದೆ ಎಂಬುದನ್ನು ಒಪ್ಪುತ್ತೇನೆ.

ಅಡ್ಡಗೋಡೆ ತೆಗೆಯುವುದು ಅಸಾಧ್ಯವೇನಲ್ಲ. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಶಾಲೆ ಬಿಟ್ಟು ಜೀಪು ಓಡಿಸುವುದನ್ನು ಕಲಿತ ನಮ್ಮ ಮಲೆನಾಡಿನ ಹುಡುಗರಿಗೆ ಆ ಒಂದು ತಿದ್ದುಪಡಿ ಕೆಲಸದ ಬಾಗಿಲು ತೆರೆಯಿತು. ಸಂಚಾರ ದಂಡದ ಬಾಕಿಗೆ 2023ರ ಫೆಬ್ರುವರಿಯಲ್ಲಿ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಕಟ್ಟಲು ಮನಸ್ಸಿಲ್ಲದವರಿಗಿಂತ ಒಮ್ಮೆಗೆ ಅಷ್ಟು ಕಟ್ಟಲು ಕೈಯಲ್ಲಿ ಇಲ್ಲದವರೇ ಹೆಚ್ಚು ಎಂದು ನನಗೆ ಆಗಲೇ ಅನಿಸಿತ್ತು.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ಮುಚ್ಚಳಿಕೆ ಪ್ರಕರಣಗಳಲ್ಲಿ ಅವಧಿ ಮುಗಿದವುಗಳನ್ನು ಎಲ್ಲ ತಹಶೀಲ್ದಾರರೂ ಪಟ್ಟಿ ಮಾಡಿ, ಮುಕ್ತಾಯವಾಗಿದೆ ಎಂದು ಆದೇಶ ಬರೆದು, ಅದರ ಪ್ರತಿಯನ್ನು ಠಾಣೆಗೂ ಆ ವ್ಯಕ್ತಿಗೂ ತಲುಪಿಸುವಂತೆ ತಾವು ಒಂದು ಸುತ್ತೋಲೆ ಹೊರಡಿಸಬೇಕು. ಇದಕ್ಕೆ ಹಣ ಬೇಡ, ಬೆಂಗಳೂರಿನ ಅನುಮತಿಯೂ ಬೇಕಾಗಲಾರದು. ಲೈನ್ ಮನೆಯವರ ವಾಸಸ್ಥಳ ದೃಢೀಕರಣಕ್ಕೆ ಎಸ್ಟೇಟಿನ ಪತ್ರವನ್ನೇ ಕಡ್ಡಾಯ ಮಾಡದೆ, ಹಾಜರಿ ಪುಸ್ತಕ, ಪಿಎಫ್ ದಾಖಲೆ, ಮಕ್ಕಳ ಶಾಲಾ ದಾಖಲಾತಿ, ಮತದಾರರ ಪಟ್ಟಿ ಇವುಗಳಲ್ಲಿ ಯಾವುದಿದ್ದರೂ ಸ್ಥಳ ಪರಿಶೀಲನೆ ಮಾಡಿ ಪತ್ರ ಕೊಡಬೇಕೆಂದು ಕಂದಾಯ ಸಿಬ್ಬಂದಿಗೆ ತಿಳಿಸಬೇಕು. ಆ ಪತ್ರ ವಾಸಕ್ಕೆ ಮಾತ್ರ ಪುರಾವೆ, ಮನೆಯ ಹಕ್ಕಿಗಲ್ಲ ಎಂಬ ಒಂದು ಸಾಲನ್ನು ಅದರಲ್ಲೇ ಮುದ್ರಿಸಿದರೆ ಮಾಲೀಕರ ಭಯವೂ ನೀಗುತ್ತದೆ.

ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನನ್ನ ವಿನಂತಿ: ಪರಿಶೀಲನಾ ವರದಿಯಲ್ಲಿ ಪ್ರಕರಣ ಇದೆ ಎಂದಷ್ಟೇ ಬರೆಯದೆ ಕಲಮು, ವರ್ಷ, ಆಗಿನ ವಯಸ್ಸು ಮತ್ತು ಫಲಿತಾಂಶವನ್ನು, ಎಂದರೆ ಖುಲಾಸೆಯೋ ರದ್ದೋ ಎಷ್ಟು ದಂಡವೋ ಎಂಬುದನ್ನು, ನಮೂದಿಸುವಂತೆ ಠಾಣೆಗಳಿಗೆ ಸೂಚಿಸಬೇಕು. ವರದಿ ಕಳಿಸುವ ಮುನ್ನ ಅದರ ಪ್ರತಿಯನ್ನು ಅರ್ಜಿದಾರನಿಗೆ ತೋರಿಸಿದರೆ ಹೆಸರು ಒಂದೇ ಇರುವ ಇನ್ನೊಬ್ಬನ ಕೇಸು ಇವನ ತಲೆಗೆ ಬರುವುದೂ ತಪ್ಪುತ್ತದೆ. ಅದೂ ಆಗಿದೆ.

ನ್ಯಾಯಾಲಯದ ವಿಷಯದಲ್ಲಿ ತಾವು ಕೈಹಾಕುವಂತಿಲ್ಲ ಎಂಬುದು ನನಗೆ ಗೊತ್ತು. ಅದಕ್ಕಾಗಿಯೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಇದರ ಪ್ರತಿ ಕಳಿಸುತ್ತಿದ್ದೇನೆ. ತಮ್ಮ ಮೇಲೆ ಏನಾದರೂ ಪ್ರಕರಣ ಬಾಕಿ ಇದೆಯೇ ಎಂದು ಜನ ಹೆದರದೆ ಬಂದು ನೋಡಿಕೊಳ್ಳುವ, ವಾರೆಂಟು ಹಿಂಪಡೆಯಲು, ಹಾಜರಾತಿ ವಿನಾಯಿತಿಗೆ, 1958ರ ಅಧಿನಿಯಮದ ಅನುಕೂಲ ಕೇಳಲು ಅಲ್ಲಿಯೇ ವಕೀಲರು ಸಿಗುವ ಶಿಬಿರವನ್ನು ಪ್ರತಿ ತಾಲ್ಲೂಕಿನಲ್ಲೂ ನಡೆಸಬೇಕು. ತಪ್ಪೊಪ್ಪಿಕೊಳ್ಳಲು ನಿಂತವನಿಗೆ, ಒಪ್ಪಿಕೊಂಡರೆ ಇದು ದಾಖಲೆಯಲ್ಲಿ ಉಳಿಯುತ್ತದೆ ಎಂದು ಹೇಳುವ ಒಬ್ಬ ಸ್ವಯಂಸೇವಕರು ನ್ಯಾಯಾಲಯದ ಬಾಗಿಲಲ್ಲಿ ಇದ್ದರೂ ದೊಡ್ಡ ಉಪಕಾರ. ಇನ್ನು ಅರ್ಜಿ ಶುಲ್ಕ ಸರ್ಕಾರದ ಮಟ್ಟದ ವಿಷಯ. ಬಿಪಿಎಲ್ ಕುಟುಂಬದ ಎಲ್ಲ ಅಭ್ಯರ್ಥಿಗಳಿಗೆ ವಿನಾಯಿತಿ, ಉಳಿದವರಿಗೆ ರೈಲ್ವೆಯ ಮಾದರಿಯಲ್ಲಿ ಮರುಪಾವತಿ, ಮರುಪರೀಕ್ಷೆಗೆ ಪ್ರಯಾಣ ಭತ್ಯೆ ಕೊಡುವಂತೆ ತಾವು ಶಿಫಾರಸು ಮಾಡಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಶಿಬಿರದ ದಿನಾಂಕದ ಬಗ್ಗೆ ಒಂದು ಸಣ್ಣ ಸೂಚನೆ. ಕಾಫಿ ಕೊಯ್ಲು ಶುರುವಾದರೆ ಫೆಬ್ರುವರಿಯವರೆಗೆ ತೋಟದವರು ಕೆಲಸದ ದಿನ ಬಿಟ್ಟು ಬರುವುದಿಲ್ಲ, ಬಂದರೆ ಆ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಶಿಬಿರವನ್ನು ಆಯಾ ಊರಿನ ಸಂತೆಯ ದಿನ ಇಡಿ, ಸಾಧ್ಯವಾದರೆ ಸಂತೆ ಮೈದಾನದ ಹತ್ತಿರವೇ ಇಡಿ. ಅರ್ಜಿ ಬರೆದುಕೊಡಲು ಮತ್ತು ಜೆರಾಕ್ಸಿಗೆ ಜನ ಬೇಕಾದರೆ ಆ ದಿನ ನಾನು ಯಂತ್ರ ಸಮೇತ ಬಂದು ಕೂರುತ್ತೇನೆ, ಶುಲ್ಕವಿಲ್ಲದೆ.

ಇಂತಿ ತಮ್ಮ ವಿಶ್ವಾಸಿ,
ಆನ್‌ಲೈನ್ ಅರ್ಜಿ ಅಂಗಡಿಯವನು,
ಚಿಕ್ಕಮಗಳೂರು ಜಿಲ್ಲೆ